ಮೀಟರಕ್ಕ ಮತ್ತು ಕೆಂಪು ಚುಕ್ಕಿ

ಮೂವತ್ತು ವರ್ಷ ಮನೆಮನೆಯ ಕರೆಂಟ್ ಮೀಟರ್ ಓದಿದ ಮೀಟರಕ್ಕನಿಗೆ, ಮೀಟರ್ ಸುಳ್ಳು ಹೇಳುತ್ತದೆ ಎಂದರೆ ಮೈಯೆಲ್ಲ ಉರಿಯುತ್ತಿತ್ತು. ನಿವೃತ್ತಿಯಾದ ಮೇಲೆ ಆ ಮಾತು ಆಡಿದ್ದು ಸ್ವಂತ ಅತ್ತಿಗೆಯೇ.

"ಎಲ್ಲಾ ಆರಿಸಿದೀನಿ ಕಣೇ, ಫ್ರಿಜ್ಜೂ ಬಂದ್. ಆದ್ರೂ ಮೀಟರ್ ಚಕ್ರ ತಿರುಗ್ತಾನೇ ಇದೆ!"

ಮೀಟರಕ್ಕ ಮೀಟರಿನತ್ತ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಹಾಲ್‌ಗೆ ಹೋಗಿ, ಟಿವಿಯಲ್ಲಿ ಇನ್ನೂ ಬೆಳಗುತ್ತಿದ್ದ ಕೆಂಪು ಚುಕ್ಕಿಯನ್ನು ದುರುಗುಟ್ಟಿ ನೋಡಿ, ಗೋಡೆಯ ಸ್ವಿಚ್ಚನ್ನೇ ಆರಿಸಿದಳು. ಪಕ್ಕದ ಸೆಟ್‌ಟಾಪ್ ಬಾಕ್ಸು, ಅಡುಗೆಮನೆಯ ಮೈಕ್ರೋವೇವು, ಒಂದನ್ನೂ ಬಿಡಲಿಲ್ಲ.

"ಈಗ ಹೋಗಿ ನೋಡಿ."

ಚಕ್ರ ತೆಪ್ಪಗೆ ನಿಂತಿತ್ತು.

ಅತ್ತಿಗೆ ಕೈಯಲ್ಲಿದ್ದ ರಿಮೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹಾಗಾದ್ರೆ ಇಷ್ಟು ವರ್ಷ ಇದರಲ್ಲಿ ನಾನು ಆರಿಸಿದ್ದೇನು?"

"ಬರೀ ಚಿತ್ರ, ಅತ್ತಿಗೆ. ಟಿವಿ ಕಣ್ಣು ಮುಚ್ಚಿರಲೇ ಇಲ್ಲ."