ನೀರು ಚಿಮುಕಿಸಬೇಡಿ

ಶೇಂಗಾ ಸುಲಿಯುವ ಯಂತ್ರ ನನ್ನ ತಲೆಗೆ ಹೊಳೆದದ್ದು ಚಪ್ಪಲಿಯಿಂದ. ಹೀಗೆ ಹೇಳಿದರೆ ಈಗಲೂ ಜನ ನಗುತ್ತಾರೆ. ನಗಲಿ, ನನಗೇನಂತೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನ್ನ ತವರು ಜಗಳೂರಿನ ಹತ್ತಿರದ ಹಳ್ಳಿ, ಕೊಟ್ಟಿದ್ದು ಹೊನ್ನಾಳಿಗೆ. ನಮ್ಮನೆಯವರದು ಅಲ್ಲಿ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ ಸರಳು, ಟ್ರೈಲರ್ ರಿಪೇರಿ. ಬೇಸಿಗೆಯ ಕೊನೆಗೆ ತವರಿಗೆ ಹೋದರೆ ಕೂತು ಉಣ್ಣುವ ಭಾಗ್ಯವೇನೂ ನನಗಿರಲಿಲ್ಲ. ಮಳೆ ಬೀಳುವ ಮೊದಲು ಬಿತ್ತನೆಯ ಶೇಂಗಾ ಸುಲಿದು ಮುಗಿಸಬೇಕು. ಗಿರಣಿಗೆ ಹಾಕಿದರೆ ಬೀಜ ಹೋಳಾಗುತ್ತದೆ, ಹೋಳಾದದ್ದು ಹುಟ್ಟುವುದಿಲ್ಲ. ಹಾಗಾಗಿ ಹೆಂಗಸರ ಕೈಯೇ ಗತಿ. ಕಾಯಿಗೆ ನೀರು ಚಿಮುಕಿಸಿ, ಹಸಿ ಗೋಣಿ ಮುಚ್ಚಿಟ್ಟು, ಸಿಪ್ಪೆ ಮೆತ್ತಗಾದ ಮೇಲೆ ಹೆಬ್ಬೆರಳಿನಿಂದ ಒತ್ತಿ ಬಿಡಿಸುವುದು. ಆ ವರ್ಷ ಅವ್ವನ ಹೆಬ್ಬೆರಳು ಉಗುರಿನ ಪಕ್ಕ ಸೀಳಿಹೋಗಿತ್ತು. ಮುದ್ದೆ ಮುರಿದು ಸಾರಿಗೆ ಅದ್ದಿದರೆ ಖಾರ ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ಊಟ ಮುಗಿಸಿ ಮತ್ತೆ ಕಾಯಿಯ ರಾಶಿಯ ಮುಂದೆಯೇ ಕೂರುವಳು. ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಹಾಗೆ ಸಿಟ್ಟಿನಲ್ಲಿ ಎದ್ದು ಹೋಗುವಾಗ, ಅಂಗಳದ ಚಪ್ಪಡಿಯ ಮೇಲೆ ಒಣಗಿಬಿದ್ದಿದ್ದ ಕಾಯಿಗಳನ್ನು ಹವಾಯಿ ಚಪ್ಪಲಿಯಲ್ಲಿ ತುಳಿದೆ. ಕಾಲು ಜಾರಿತು. ಬಗ್ಗಿ ನೋಡಿದರೆ ಸಿಪ್ಪೆ ಪುಡಿಪುಡಿ, ಬೀಜ ಮಾತ್ರ ಇಡಿಯಾಗಿದೆ, ಮೇಲಿನ ಕೆಂಪು ಹೊಟ್ಟೂ ಹೋಗಿಲ್ಲ. ಇನ್ನೊಂದು ಹಿಡಿ ಹಾಕಿ ಬೇಕೆಂದೇ ತುಳಿದೆ. ಮತ್ತೆ ಅದೇ.

"ಥೂ, ಬಿತ್ತನೆ ಬೀಜಕ್ಕೆ ಚಪ್ಪಲಿ ತಾಗಿಸ್ತೀಯಲ್ಲೇ, ಬುದ್ಧಿ ಐತೇನೇ ನಿಂಗೆ?" ಎಂದು ಅವ್ವ ಬೈದಳು. ನಾನು ಆಗಲೇ ಹೊನ್ನಾಳಿಗೆ ಹೊರಡುವ ಬಸ್ಸಿನ ಲೆಕ್ಕ ಹಾಕುತ್ತಿದ್ದೆ.

ನಮ್ಮನೆಯವರು ಕೇಳಿ, "ನಿಂಗೆ ಜಗಳೂರು ಬಿಸಿಲು ತಲೆಗೇರೈತೆ" ಎಂದರು. ಆದರೆ ಬೈಯುತ್ತಲೇ ಶುರು ಮಾಡಿದರು, ಅವರ ಗುಣವೇ ಹಾಗೆ. ತಗಡಿನ ಡ್ರಮ್ಮನ್ನು ಉದ್ದಕ್ಕೆ ಅರ್ಧ ಸೀಳಿ ತೊಟ್ಟಿಯಂತೆ ಕೂರಿಸಿದರು. ತಳಕ್ಕೆ ಚನ್ನಗಿರಿಯ ಗುಜರಿ ಅಂಗಡಿಯಲ್ಲಿ ಸಿಕ್ಕಿದ ಜರಡಿ. ಒಳಗೆ ತೊಟ್ಟಿಲಿನಂತೆ ಹಿಂದೆ ಮುಂದೆ ತೂಗುವ ಒಂದು ಹಲಗೆ, ಅದರ ಅಡಿಗೆ ಚಪ್ಪಲಿಯ ಅಟ್ಟೆ, ಮೇಲೆ ನ್ಯಾಮತಿಯ ಬಡಗಿ ಮಾಡಿಕೊಟ್ಟ ಮರದ ಹಿಡಿ. ಮೊದಲ ಸಲ ಬೀಜವೆಲ್ಲ ಚಟ್ನಿಯಾಯಿತು. ಹಲಗೆ ಎತ್ತರಿಸಿದರೆ ಕಾಯಿಗಳು ಆರಾಮಾಗಿ ಹೊರಳಾಡಿಕೊಂಡು ಇದ್ದವು. ಗೇಟು ಮಾಡಲು ಕೊಟ್ಟವರು ಬಂದು ಕೂಗಾಡಿ ಹೋದರು. ಅವ್ವ ಅಂತೂ, ತುಳಿದ ಚಪ್ಪಲಿಯಾದರೆ ತನ್ನ ಬೀಜ ಕೊಡುವುದಿಲ್ಲ ಎಂದು ಹೇಳಿಕಳಿಸಿದಳು. ಅದಕ್ಕೇ ಯಾರೂ ಕಾಲಿಡದ ಹೊಸ ಜೋಡಿ ತಂದು, ಅರಿಶಿನ ಕುಂಕುಮ ಹಚ್ಚಿ, ಆಮೇಲೆ ಮೊಳೆ ಹೊಡೆಸಿದೆ.

ಅಂತೂ ಒಂದು ದಿನ ಬೀಜ ಇಡಿಯಾಗಿ ಕೆಳಗಿಳಿಯಿತು. ನಾನು ಕುಣಿಯುವುದೊಂದು ಬಾಕಿ. ನಮ್ಮನೆಯವರು ಮಾತ್ರ, "ಜಗಳೂರು ಸಂತೆಗೆ ತಗಂಡು ಹೋಗಾಣ. ಒಬ್ರಾದ್ರೂ ಕೊಂಡ್ರೆ ಮುಂದೆ ಮಾಡ್ತೀನಿ. ಇಲ್ಲಾಂದ್ರೆ ಬಿಚ್ಚಿ ಗೇಟಿಗೆ ಹಾಕ್ತೀನಿ, ಆಮೇಲೆ ಈ ಮಾತು ಎತ್ತಬಾರ್ದು" ಎಂದರು. ನಾನು ಒಪ್ಪಿದೆ. ಆದರೂ ಗೇಟು ಯಾರು ಬೇಕಾದರೂ ಮಾಡಿಯಾರು. ಇದು ನನ್ನ ತಲೆಯಲ್ಲಿ ಹುಟ್ಟಿದ್ದು, ಇದನ್ನು ಬಿಚ್ಚಿ ಯಾರದೋ ಕಾಂಪೌಂಡಿಗೆ ಜಡಿದರೆ ನಾನು ಹೇಗೆ ಸಹಿಸಲಿ?

ಯಂತ್ರವನ್ನು ಬಸ್ಸಿನ ಟಾಪಿಗೆ ಕಟ್ಟಿ ಹೊರಟೆವು. ತೋರಿಸಲು ಒಂದು ಚೀಲ ಕಾಯಿ ತರುವಂತೆ ಅವ್ವನಿಗೆ ಮೊದಲೇ ಹೇಳಿದ್ದೆ. ಅವಳು ನಮಗಿಂತ ಮುಂಚೆ ಬಂದು ಸಂತೆಯಲ್ಲಿ ಜಾಗ ಹಿಡಿದು ಕೂತಿದ್ದಳು. ಇದೇನು ಎಂದು ಕೇಳಿದವರಿಗೆ ನಾನು "ಶೇಂಗಾ ಸುಲಿಗೆ ಯಂತ್ರ" ಎಂದುಬಿಟ್ಟೆ. "ಸುಲಿಗೆಗೆ ಯಂತ್ರ ಯಾಕವ್ವಾ? ನಮ್ಮೂರ ದಲ್ಲಾಳಿ ಬರೀ ಕೈಲೇ ಸುಲೀತಾನೆ!" ಎಂದ ಒಬ್ಬ. ಎಲ್ಲರೂ ಹೋ ಎಂದು ನಕ್ಕರು, ಆ ನಗುವಿಗೇ ಇನ್ನಷ್ಟು ಜನ ಸೇರಿದರು. ಒಳ್ಳೆಯದೇ ಆಯಿತು ಅಂದುಕೊಂಡು ಕಾಯಿ ಸುರಿದು ಹಿಡಿ ಎಳೆದೆ.

ಹಿಡಿ ಎರಡು ಸಲ ಆಡಿತು, ಆಮೇಲೆ ಕಚ್ಚಿಕೊಂಡಿತು. ನಮ್ಮನೆಯವರು ಜಗ್ಗಿದರೂ ಇಲ್ಲ. ಒಳಗೆ ಸಿಪ್ಪೆ ಒಡೆಯದೆ ಜಜ್ಜಿ, ಬೀಜವೂ ಸಿಪ್ಪೆಯೂ ಒಂದೇ ಮುದ್ದೆಯಾಗಿತ್ತು. ಚೀಲದೊಳಗೆ ಕೈಹಾಕಿದೆ. ತಣ್ಣಗಿತ್ತು.

"ಅವ್ವಾ, ನೀರು ಹಾಕಿದೀಯಾ?"

"ಹಾಕ್ದೆ ಸುಲಿಯಾಕೆ ಆಗತೈತೇನೇ? ನಿಮಗೆ ಸಲೀಸಾಗ್ಲಿ ಅಂತ ನಿನ್ನೆ ಸಂಜೇನೇ ಚಿಮುಕಿಸಿ, ಗೋಣಿ ಸುತ್ತಿಟ್ಟಿದ್ದೆ."

ಯಾರಿಗೆ ಏನಂತ ಬೈಯಲಿ? ಜನ ಕರಗಿದರು. "ಮುಗೀತಲ್ಲ" ಎಂದು ನಮ್ಮನೆಯವರು ಹಗ್ಗ ಕೈಗೆತ್ತಿಕೊಂಡರು.

ಬಸ್ಸು ಬರುವುದು ತಡವಿತ್ತು. ನೆಂದ ಕಾಯಿ ಇಟ್ಟರೆ ಬೂಸಲು ಹಿಡಿಯುತ್ತದೆಂದು ಅವ್ವ ಬಸ್ ಸ್ಟ್ಯಾಂಡಿನ ಬೇವಿನ ಮರದಡಿ ಸೆರಗು ಹಾಸಿ ಸುಲಿಯತೊಡಗಿದಳು. ಅತ್ತೆ ಒಬ್ಬಳೇ ಮಾಡುವುದನ್ನು ನೋಡುತ್ತ ಕೂರಲು ಅಳಿಯನಿಗೆ ಮುಜುಗರ. "ನೀವು ಬಿಡ್ರಿ ಅಳಿಯಂದ್ರೆ" ಎಂದರೂ ಬಿಡದೆ ಕೂತರು. ಕಾದ ಕಬ್ಬಿಣ ಹಿಡಿದು ಜಡ್ಡುಗಟ್ಟಿದ ಕೈ ಅದು. ಮೊದಮೊದಲು ಪಟಪಟ ಸುಲಿದರು. ಆಮೇಲೆ ನಿಧಾನವಾದರು, ಬೆರಳು ಬದಲಾಯಿಸಿದರು, ಒಮ್ಮೆ "ಸ್ಸ್" ಎಂದರು. ಉಗುರಿನ ಪಕ್ಕದ ಚರ್ಮ ಕಿತ್ತುಬಂದಿತ್ತು. ತಮ್ಮ ಬೆರಳು ನೋಡಿಕೊಂಡರು, ಅವ್ವನ ಬೆರಳು ನೋಡಿದರು.

"ಅತ್ತೆ, ಇದನ್ನ ಯಾವಾಗಿಂದ ಮಾಡ್ತಿದೀರಿ?"

"ಲಗ್ನ ಆದಾಗಿಂದ್ಲೂ."

ಅಷ್ಟರಲ್ಲಿ ಬಿತ್ತನೆಗೆಂದು ಸಂತೆಯಲ್ಲಿ ಕಾಯಿ ಕೊಂಡು ಗಂಡನ ಜೊತೆ ಬಸ್ಸಿಗೆ ನಿಂತಿದ್ದ ಹೆಂಗಸೊಬ್ಬಳು ಯಂತ್ರ ತೋರಿಸಿ ಅದೇನೆಂದು ಕೇಳಿದಳು. ನಾನು ಬಾಯಿ ತೆಗೆಯುವ ಮೊದಲೇ ನಮ್ಮನೆಯವರು ಎದ್ದು ಹಗ್ಗ ಬಿಚ್ಚಿ, ತೊಟ್ಟಿ ಕೆರೆದು ಒರೆಸಿದರು. "ನಿಮ್ ಕಾಯಿ ಒಣಗ್ಯಾವಲ್ಲ? ತರ್ರಿ ಇಲ್ಲಿ, ಬೆರಳು ಯಾಕೆ ಹಾಳು ಮಾಡ್ಕಂತೀರಿ" ಎಂದರು. ಹಿಡಿ ತೂಗಿತು. ಕೆಳಗೆ ಬಿದ್ದ ಬೀಜವನ್ನು ಅವಳು ಬೊಗಸೆಯಲ್ಲಿ ಕೆದಕಿ ಕೆದಕಿ ನೋಡಿದಳು. "ಹೋಳೇ ಕಾಣವಲ್ಲ್ರೀ!" ಎಂದು ಗಂಡನನ್ನು ಕರೆದಳು. ಯಂತ್ರ ಅವರ ಬಸ್ಸಿನ ಟಾಪಿಗೇರಿ ಹೋಯಿತು.

ಬಸ್ಸು ಮರೆಯಾದ ಮೇಲೆ ಅವ್ವ ಬಾಯಿ ಬಿಟ್ಟಳು. "ಅಲ್ರೀ ಅಳಿಯಂದ್ರೆ, ನನಗೆ ಅಂತ ಮಾಡಿದ್ದನ್ನೇ ಮಾರಿಬಿಟ್ರಲ್ಲ!"

ನಮ್ಮನೆಯವರು ಬೆರಳಿಗೆ ಉಫ್ ಎಂದು ಊದಿಕೊಂಡು, ಉಳಿದ ಅರ್ಧ ಚೀಲವನ್ನು ತಮ್ಮ ಕಡೆಗೆ ಎಳೆದುಕೊಂಡರು. "ಬರೋ ಸಂತೆಗೆ ನಿಮ್ದು ಬರತೈತೆ. ಅತ್ಲಾಗೆ ಸರೀರಿ ಅತ್ತೆ, ಇದನ್ನ ನಾನು ಸುಲೀತೀನಿ."

ಹೇಳಿದಂತೆ ಮುಂದಿನ ಸಂತೆಗೆ ಅವ್ವನ ಯಂತ್ರ ಬಂತು. ಅದರ ಮೇಲೂ, ಆಮೇಲೆ ಮಾಡಿದ ಪ್ರತಿಯೊಂದರ ಮೇಲೂ "ನೀರು ಚಿಮುಕಿಸಬೇಡಿ" ಎಂದು ಪೇಂಟಿನಲ್ಲಿ ಬರೆಸಿದೆವು. ಅವ್ವನಿಗೆ ಓದು ಬಾರದು. ನನ್ನ ಕೈಲಿ ಓದಿಸಿಕೊಂಡು, ಅಕ್ಷರಗಳ ಮೇಲೆ ಆ ಸೀಳುಬೆರಳು ಆಡಿಸಿ, "ನನ್ನ ಹೆಸರೇ ಬರ್ಸಿದಂಗೈತೆ ಬಿಡು" ಎಂದಳು.