ಇನ್ನರ್ಧ ಸುತ್ತು

ಬಸ್ ಡಿಪೋದಲ್ಲಿ ನಮ್ಮ ಯಜಮಾನರನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಇನ್ನರ್ಧ ಸುತ್ತು’ ಎಂದು. ಮೂವತ್ತೈದು ವರ್ಷ ಅಲ್ಲಿ ಮೆಕ್ಯಾನಿಕ್ ಆಗಿದ್ದ ಮನುಷ್ಯ. ಯಾವ ನಟ್ಟೇ ಇರಲಿ, ಬೇರೆಯವರು ಸಾಕೆಂದು ಕೈಬಿಡುವ ಕಡೆ ಇವರು ಹಲ್ಲು ಕಚ್ಚಿ ಇನ್ನರ್ಧ ಸುತ್ತು ತಿರುಗಿಸುತ್ತಿದ್ದರು. ಇವರು ಮುಚ್ಚಿಟ್ಟ ಡಬ್ಬಿಗಳನ್ನು ತೆಗೆಯಲೆಂದೇ ನಾನು ಅಡುಗೆಮನೆಯಲ್ಲಿ ಒಂದು ದೊಡ್ಡ ಇಕ್ಕಳ ಇಟ್ಟುಕೊಂಡಿದ್ದೇನೆ. ನಮ್ಮ ಮನೆಯ ನಲ್ಲಿಗಳಲ್ಲಿ ವಾಷರು ಮೂರು ತಿಂಗಳಿಗಿಂತ ಹೆಚ್ಚು ಬಾಳಿದ್ದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಆಡಿಕೊಂಡು ನಗುತ್ತಿದ್ದೆ. ಅದು ಹುಟ್ಟುಗುಣವಲ್ಲ ಎಂದು ನನಗೆ ತಿಳಿಯಲು ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ ಹಿಡಿಯಿತು.

ನಿವೃತ್ತಿಯಾದ ಮೇಲಾದರೂ ಒಂದು ಕಡೆ ಕೂರುತ್ತಾರೇನೋ ಎಂದುಕೊಂಡರೆ, ಎಲ್ಲಿಂದಲೋ ಒಂದು ಹಳೆಯ ಡೀಸೆಲ್ ವ್ಯಾನು ತಂದು ಮನೆಯ ಮುಂದೆ ನಿಲ್ಲಿಸಿದರು. ಎರಡು ವರ್ಷ ಅದರ ಹೊಟ್ಟೆಯೊಳಗೇ ಇದ್ದರು. ಒಂದು ಮಂಚ, ಒಂದು ಒಲೆ, ಬೆರಳು ತೊಳೆಯುವಷ್ಟು ಸಿಂಕು. ನನ್ನ ಹೊಲಿಗೆ ಅಂಗಡಿಯಲ್ಲಿ ಉಳಿದ ಬಟ್ಟೆಯಿಂದ ನಾನು ಪರದೆ ಹೊಲಿದುಕೊಟ್ಟೆ. ಚಳಿಗೆಂದು ಮಂಚದ ಕೆಳಗೆ ಡೀಸೆಲ್ಲಿನಿಂದ ಉರಿಯುವ ಹೀಟರು ಕೂರಿಸಿದರು. ಅದು ಕೂಲಂಟನ್ನು, ಅಂದರೆ ಗುಲಾಬಿ ಬಣ್ಣದ ಒಂದು ದ್ರವವನ್ನು ಕಾಯಿಸುತ್ತದೆ. ಮುಷ್ಟಿಯಷ್ಟು ದೊಡ್ಡ ಎರಡು ಪಂಪುಗಳು ಆ ಬಿಸಿಯನ್ನು ಗಾಡಿಯ ಸುತ್ತ ಪೈಪಿನಲ್ಲಿ ಓಡಿಸುತ್ತವೆ. ನಾವು ಇದನ್ನು ಮನೆಗಾಡಿ ಎಂದು ಕರೆಯುತ್ತಿದ್ದೆವು. ಮನೆ ಮುಂದೆ ನಿಂತೇ ಇರುತ್ತಿದ್ದುದರಿಂದ ಗಾಡಿ ಅನ್ನುವುದಕ್ಕಿಂತ ಮನೆ ಅನ್ನುವುದೇ ಹೆಚ್ಚು ಸರಿಯಾಗಿತ್ತು.

ಅಂಥ ಗಾಡಿಗೆ ಕೊನೆಗೂ ಒಂದು ಕೆಲಸ ಬಂತು. ಅತ್ತಿಗೆ, ಅಂದರೆ ಇವರ ಅಕ್ಕ, ಇರುವುದು ಬೆಟ್ಟದ ಮೇಲಿನ ಊರಿನಲ್ಲಿ. ತಾಯಿಯಿಲ್ಲದ ಇವರನ್ನು ಸಾಕಿ ಬೆಳೆಸಿದವರು ಅವರೇ. ನಾಲ್ಕು ವರ್ಷದ ಹಿಂದೆ ಅವರ ಯಜಮಾನರು ತೀರಿಕೊಂಡರು. ಈಗ ಅವರ ಶ್ವಾಸಕೋಶ ಕೈಕೊಟ್ಟಿದೆ. ಇನ್ನೊಂದು ಚಳಿಗಾಲ ಆ ಊರಿನಲ್ಲಿ ಕಳೆದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಮುಖಕ್ಕೇ ಹೇಳಿಬಿಟ್ಟಿದ್ದರು. ಕೆಳಗೆ ನಮ್ಮ ಮನೆಗೆ ಕರೆತರಬೇಕು. ಆದರೆ ಅವರು ಆರು ಗಂಟೆ ಕೂತು ಬರಲಾರರು, ಮಲಗಿಯೇ ಬರಬೇಕು. ತಣ್ಣನೆಯ ಗಾಳಿ ಮೂಗಿಗೆ ತಾಗಿದರೆ ಸಾಕು, ತುಟಿ ನೀಲಿಯಾಗುವವರೆಗೆ ಕೆಮ್ಮು. ಅಲ್ಲಿಯ ಆಸ್ಪತ್ರೆಯ ಗಾಡಿ ಬೆಟ್ಟ ಇಳಿಯುವುದಿಲ್ಲವಂತೆ. ಇತ್ತ, ಹಿಮ ಬೀಳುವ ಮುನ್ಸೂಚನೆ ಇದೆ, ಶನಿವಾರ ಸಂಜೆ ಘಟ್ಟದ ರಸ್ತೆ ಮುಚ್ಚುತ್ತೇವೆ, ಮತ್ತೆ ತೆರೆಯುವುದು ವಸಂತಕ್ಕೆ ಎಂದು ರಸ್ತೆಯವರು ಹೇಳಿಬಿಟ್ಟರು.

“ನನ್ನ ತಮ್ಮನ ಗಾಡಿ ಇದೆಯಲ್ಲ, ಅದರಲ್ಲೇ ಬರ್ತೀನಿ,” ಎಂದು ಅತ್ತಿಗೆ ಫೋನಿನಲ್ಲಿ ಕೆಮ್ಮುತ್ತಲೇ ನಕ್ಕರು.

ಸೋಮವಾರ ಹೀಟರು ಹಚ್ಚಿ ನೋಡಿದರೆ ಮಂಚದ ಕೆಳಗೆ ಗುಲಾಬಿ ಕೆರೆ. ಎರಡೂ ಪಂಪು ಸೋರುತ್ತಿದ್ದವು. ಹಳೆಯವು, ಒಳಗಿನ ಸೀಲು ಸವೆದಿದೆ ಎಂದರು. ಅದು ನಿಜವೇ. ಹೊಸ ಎರಡು ತಂದು ಹಾಕಿದರು, ಪೈಪು ಕಳಚದಂತೆ ಹಿಡಿಯುವ ಕ್ಲಿಪ್ಪುಗಳ ತಿರುಪು ಬಿಗಿದರು, ಒಂದು ಹನಿಯೂ ಇಲ್ಲ. ನಾನು ನೆಲ ಒರೆಸಿ, ಜಿಗುಟು ಹೋಗಲೆಂದು ಮತ್ತೆ ಒರೆಸಿ, ಅತ್ತಿಗೆಗೆ ಹಾಸಿಗೆ ಹಾಸಿದೆ. ಮಂಗಳವಾರ ಒಂದು ಗಂಟೆ ಹೀಟರು ಉರಿಸಿದ್ದೇ ತಡ, ಮತ್ತೆ ಟಪ್, ಟಪ್. ಹಾಸಿಗೆಯ ಅಂಚೆಲ್ಲ ಗುಲಾಬಿ.

“ಕಳಪೆ ಮಾಲು!” ಎಂದು ಅಂಗಡಿಗೆ ಓಡಿದರು. ಜಗಳವಾಡಿ ಬೇರೆ ಎರಡು ತಂದರು. ಬುಧವಾರ ಅವೂ ಸೋರಿದವು.

ಆ ಮೂರು ದಿನ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಕೂರಲಿಲ್ಲ. ಇವರು ನಿಂತೇ ಊಟ ಮಾಡುವುದು, ಅರ್ಧ ತುತ್ತಿಗೆ ಎದ್ದು ಹೋಗುವುದು. ಮನೆಯಿಂದ ಗಾಡಿಗೆ, ಗಾಡಿಯಿಂದ ಮನೆಗೆ, ಅಂಗಾಲಿಗೆ ಬೆಂಕಿ ಬಿದ್ದವರ ಹಾಗೆ ತಿರುಗಾಟ. ನಾನು ಹೊಲಿಗೆಗೆ ಕೂತರೆ ತೋಳನ್ನು ತಿರುವುಮುರುವಾಗಿ ಹೊಲಿದು ಬಿಚ್ಚುವುದು. ಫೋನು ಬಡಿದುಕೊಂಡರೆ ಅತ್ತಿಗೆಗೆ ಏನಾಯಿತೋ ಎಂದು ಕತ್ತರಿ ಹಿಡಿದೇ ಓಡುತ್ತಿದ್ದೆ. ಬುಧವಾರ ತಡೆಯಲಾರದೆ ಅಂದೇಬಿಟ್ಟೆ:

“ನಾಲ್ಕು ಪಂಪೂ ಕಳಪೆ, ನೀವೊಬ್ರೇ ಸರಿ, ಅಲ್ವಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!”

ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೆಲಕ್ಕೆ ಕುಕ್ಕಿ ಹೊರಗೆ ಹೋದರು. ಸಿಟ್ಟಿನಲ್ಲಿ ಆಡಿದ ಮಾತು ಅದು, ಅಷ್ಟು ನೇರವಾಗಿ ಗುರಿ ಮುಟ್ಟಿದೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಅಂಗಡಿಗೆ ನಾನೇ ಹೋದೆ. ಇವರು ಹೋದರೆ ಅಲ್ಲಿ ಹೊಡೆದಾಟವೇ ಆಗುತ್ತಿತ್ತು. ಅಂಗಡಿಯವನು ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡ ಸಾವಧಾನದ ಮನುಷ್ಯ. ನಾನು ಚೀಲದಿಂದ ಸುರಿದ ಎರಡು ಪಂಪುಗಳನ್ನೂ, ಇವರು ಮೊದಲು ವಾಪಸು ಕೊಟ್ಟಿದ್ದ ಎರಡನ್ನೂ ಸಾಲಾಗಿ ಇಟ್ಟು, ಒರೆಸಿ, ಪೈಪು ಸಿಕ್ಕಿಸುವ ಮೂತಿಗೆ ಟಾರ್ಚು ಹಿಡಿದ.

“ನೋಡಿ ಅಕ್ಕ, ಇಲ್ಲಿ.”

ಕೂದಲೆಳೆಯಷ್ಟು ಸಣ್ಣ ಬಿರುಕು. ನಾಲ್ಕರಲ್ಲೂ ಕ್ಲಿಪ್ಪು ಕೂರುವ ಜಾಗದಲ್ಲೇ.

“ಇದು ಪಂಪಿನ ತಪ್ಪಲ್ಲ. ಹಿಂಡಿಬಿಟ್ಟಿದ್ದಾರೆ. ತಣ್ಣಗಿದ್ದಾಗ ಗೊತ್ತಾಗಲ್ಲ, ಬಿಸಿಯಾದ್ಮೇಲೆ ಬಿರುಕು ಬಾಯಿ ಬಿಡುತ್ತೆ. ಹಳೇ ಬಸ್ ಮೆಕ್ಯಾನಿಕ್ಕಾ ನಿಮ್ಮ ಯಜಮಾನ್ರು? ಗೊತ್ತಾಯ್ತು ಬಿಡಿ. ಕಬ್ಬಿಣಕ್ಕೆ ಒಗ್ಗಿದ ಕೈ ಅದು. ಇದು ಪ್ಲಾಸ್ಟಿಕ್ಕು. ಎರಡೇ ಬೆರಳಲ್ಲಿ ತಿರುಗಿಸಿ, ಬೆರಳು ಸಾಕು ಅಂದ ಕಡೆ ನಿಲ್ಲಿಸಬೇಕು.” ಕಪಾಟಿನಿಂದ ಎರಡು ಡಬ್ಬಿ ತೆಗೆದು ನನ್ನ ಮುಂದಿಟ್ಟ. “ಇವೇ ಕೊನೇವು. ಇನ್ನು ಮಾಲು ಬರೋದು ಸೋಮವಾರ.”

ಸೋಮವಾರದ ಹೊತ್ತಿಗೆ ಘಟ್ಟಕ್ಕೆ ಬೀಗ ಬಿದ್ದಿರುತ್ತದೆ. ಡಬ್ಬಿಗಳನ್ನು ಎದೆಗೆ ಒತ್ತಿಕೊಂಡು ಮನೆಗೆ ನಡೆದೆ. ಹೇಗೆ ಹೇಳುವುದು? ಇವರ ಹೆಮ್ಮೆಯೆಲ್ಲ ಇರುವುದೇ ಆ ಅರ್ಧ ಸುತ್ತಿನಲ್ಲಿ. ಹೇಳದೆ ಬಿಟ್ಟರೆ ಅತ್ತಿಗೆಯ ಜೀವ. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ. ಆದರೆ ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ. ಗೇಟು ತೆಗೆಯುತ್ತಲೇ ಹೇಳಿಬಿಟ್ಟೆ.

“ಏನು, ಬಟ್ಟೆ ಹೊಲಿಯೋಳು ನನಗೆ ಕೆಲಸ ಕಲಿಸ್ತೀಯಾ? ಮೂವತ್ತೈದು ವರ್ಷ!”

“ಹೌದ್ರೀ, ಕಲಿಸ್ತೀನಿ! ಮಿಷನ್ನಲ್ಲಿ ದಾರ ಜಾಸ್ತಿ ಬಿಗಿ ಮಾಡಿದ್ರೆ ಬಟ್ಟೆ ಸುಕ್ಕಾಗುತ್ತೆ, ಇನ್ನೂ ಬಿಗಿ ಮಾಡಿದ್ರೆ ದಾರಾನೇ ಹರಿಯುತ್ತೆ. ಇಷ್ಟು ನನಗೂ ಗೊತ್ತು. ಅತಿಯಾದ್ರೆ ಅಮೃತಾನೂ ವಿಷ. ನಾಲ್ಕು ಪಂಪು ಒಡೆದಿದ್ದು ನಿಮ್ಮ ಕೈ! ಇವೆರಡೂ ಒಡೆದ್ರೆ ನಿಮ್ಮಕ್ಕ ಅಲ್ಲೇ...” ಒಡೆದ ಪಂಪೊಂದನ್ನು ಚೀಲದಿಂದ ತೆಗೆದು ಇವರ ಮುಂದೆ ಹಿಡಿದೆ.

ಇವರು ಅದನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದರು. ಉಗುರಿನಿಂದ ಬಿರುಕನ್ನು ಸವರಿದರು. ಗಾಡಿಯ ಮೆಟ್ಟಿಲ ಮೇಲೆ ಕೂತರು. ಮದುವೆಗೆ ಮುಂಚಿನ ಆ ಕಥೆಯನ್ನು ನನಗೆ ಹೇಳಿದ್ದು ಆಗ.

ಮೂವತ್ತಾರು ವರ್ಷದ ಹಿಂದೆ ಇವರ ಭಾವ, ಅತ್ತಿಗೆಯ ಗಂಡ, ಅದೇ ಡಿಪೋದಲ್ಲಿ ಬಸ್ ಡ್ರೈವರು. ಒಂದು ದಿನ ಭಾವನ ಬಸ್ಸಿನ ಹೀಟರು ಪೈಪು ಬದಲಿಸಿದ್ದು ಇವರೇ. ನಡುವೆ ಯಾರೋ ಕರೆದರೆಂದು ಎದ್ದು ಹೋದವರು ವಾಪಸು ಬಂದು ಕ್ಲಿಪ್ಪು ಬಿಗಿ ಮಾಡಲು ಮರೆತರು. ದಾರಿಯಲ್ಲಿ ಪೈಪು ಕಳಚಿ, ಕುದಿಯುವ ನೀರೆಲ್ಲ ಭಾವನ ಎಡಗಾಲಿನ ಮೇಲೆ ಸುರಿಯಿತು. ಆಮೇಲೆ ಆ ಕಾಲು ಕ್ಲಚ್ಚು ತುಳಿಯಲಿಲ್ಲ. ಡ್ರೈವಿಂಗ್ ಬಿಡಿಸಿ ಬೆಟ್ಟದ ಊರಿನ ಟಿಕೆಟ್ ಕೌಂಟರಿಗೆ ಹಾಕಿದರು. ಅಕ್ಕ ಆ ಚಳಿಯ ಊರಿಗೆ ಹೋಗಿ ಬಿದ್ದದ್ದು ಹಾಗೆ.

“ಪೈಪ್ ಸೀಳಿತ್ತು ಅಂತ ರಿಪೋರ್ಟಲ್ಲಿ ಬರೆದ್ರು ಕಣೇ. ಹೇಗೆ ಹಾಗೆ ಬರೆದ್ರೋ ದೇವರಿಗೇ ಗೊತ್ತು. ನಾನು ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತೆ ಅಂತ ಹೆದರಿದೆ. ಭಾವ ಸಾಯೋವರೆಗೂ ಹೇಳಲಿಲ್ಲ, ಅಕ್ಕನಿಗೂ ಹೇಳಿಲ್ಲ. ಅವತ್ತಿಂದ ಈ ಕೈ ಸಾಕು ಅನ್ನಲ್ಲ.”

ಇಷ್ಟು ವರ್ಷ ನಾನು ಆಡಿಕೊಂಡು ನಕ್ಕದ್ದೆಲ್ಲ ನೆನಪಾಗಿ ನನಗೆ ನಾಚಿಕೆಯಾಯಿತು. ಪಕ್ಕದಲ್ಲಿ ಕೂತೆ. ಇವರು ಸ್ಕ್ರೂಡ್ರೈವರು ನನ್ನ ಕೈಗೆ ಕೊಟ್ಟರು. “ನನ್ನ ಕೈ ನನ್ನ ಮಾತು ಕೇಳಲ್ಲ. ನೀನೇ ಮಾಡು.”

ಮಂಚದ ಕೆಳಗೆ ಮಗ್ಗುಲಾಗಿ ಮಲಗಿ ನಾನು ಎರಡು ಬೆರಳಲ್ಲಿ ತಿರುಗಿಸಿದೆ. ಸೂಜಿ ಹಿಡಿಯುವ ಬೆರಳಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯಿತು. ಹಿಂದೆ ಇವರು ನಿಂತಲ್ಲಿ ನಿಲ್ಲದೆ, “ಇನ್ನೊಂಚೂರು... ಒಂದೇ ಒಂಚೂರು...” ಎನ್ನುತ್ತಿದ್ದರು.

“ಬಾಯಿ ಮುಚ್ಕೊಂಡು ಹೊರಗೆ ಹೋಗ್ತೀರೋ ಇಲ್ವೋ?” ಎಂದು ಗದರಿದೆ.

ಮಧ್ಯಾಹ್ನವೆಲ್ಲ ಹೀಟರು ಉರಿಸಿ, ಕೆಳಗೆ ಹಳೆಯ ಪೇಪರು ಹಾಸಿ ಕಾದೆವು. ಪೇಪರು ಒಣಗಿಯೇ ಇತ್ತು. ಆದರೂ ಶುಕ್ರವಾರ ಬೆಟ್ಟ ಹತ್ತುವಾಗ ಇವರು ಹನ್ನೊಂದು ಸಲ ಗಾಡಿ ನಿಲ್ಲಿಸಿ ಮಂಚದ ಕೆಳಗೆ ತೂರಿದರು. ನಾನು ಎಣಿಸಿದ್ದೇನೆ. ಹಿಂದಿನ ಲಾರಿಯವರ ಬೈಗುಳ ಎಣಿಸಲಿಲ್ಲ. ಆರು ಗಂಟೆಯ ದಾರಿಗೆ ಒಂಬತ್ತು ಗಂಟೆ ಹಿಡಿಯಿತು.

ಶನಿವಾರ ಬೆಳಿಗ್ಗೆ ಹೊರಗೆ ಹಿಮದ ಪುಡಿ ಹಾರಾಡುತ್ತಿತ್ತು. ಪಕ್ಕದ ಮನೆಯವರು ಮೂರು ಕಂಬಳಿ ಹೊದಿಸಿದ ಅತ್ತಿಗೆಯನ್ನು ಎತ್ತಿ ತಂದು ಗಾಡಿಯ ಮಂಚದ ಮೇಲೆ ಮಲಗಿಸಿದರು. ಎಷ್ಟು ಹಗುರವಾಗಿಬಿಟ್ಟಿದ್ದರು! ಬಾಗಿಲು ಹಾಕಿದ ಮೇಲೆ ಒಳಗಿನ ಬೆಚ್ಚನೆಯ ಗಾಳಿ ಮುಖಕ್ಕೆ ತಾಗಿ ಅವರು ನಿಧಾನವಾಗಿ ಉಸಿರು ಎಳೆದುಕೊಂಡರು. ಕೆಮ್ಮು ಬರಲಿಲ್ಲ. ಒಂದು ಕಂಬಳಿ ತಾವೇ ಸರಿಸಿದರು.

“ಅಯ್ಯೋ, ಎಷ್ಟು ಬೆಚ್ಚಗಿದೆಯೋ! ಮೊದಲೇ ಗೊತ್ತಿದ್ರೆ ಹೋದ ವರ್ಷವೇ ಕಾಯಿಲೆ ಬೀಳ್ತಿದ್ದೆ.”

ಇವರು ನಗಲಿಲ್ಲ. ಮತ್ತೆ ಮಂಡಿಯೂರಿ ಮಂಚದ ಕೆಳಗೆ ತಲೆ ಹಾಕಿದ್ದರು.

“ಅಲ್ಲೇನೋ ಹುಡುಕ್ತಿದ್ದೀಯ? ಈಚೆ ಬಾ.”

“ಕ್ಲಿಪ್ಪು ನೋಡ್ತಿದ್ದೀನಿ ಅಕ್ಕ.” ಮುಖ ಹೊರಗೆ ತರದೆ, ಅಲ್ಲಿಂದಲೇ ಅಂದರು: “ಅಕ್ಕ, ಆವತ್ತು ಭಾವನ ಬಸ್ಸಲ್ಲಿ ಕ್ಲಿಪ್ಪು ಬಿಗಿ ಮಾಡಿರಲಿಲ್ಲ. ನಾನೇ ಮರೆತಿದ್ದೆ. ಪೈಪ್ ಸೀಳಿದ್ದು ಸುಳ್ಳು.”

ಅತ್ತಿಗೆ ಪರದೆಯನ್ನೇ ನೋಡುತ್ತ ಮಲಗಿದ್ದರು.

“ಸೀಳಿದ್ದು ಸುಳ್ಳಲ್ಲ ಕಣೋ. ಸೀಳಿತ್ತು. ನಿನ್ನ ಭಾವನೇ ಸೀಳಿದ್ದು.”

ಇವರ ತಲೆ ಮಂಚದ ಪಟ್ಟಿಗೆ ಬಡಿಯಿತು.

“ಪೈಪು ಸುಮ್ನೆ ಜಾರಿಕೊಂಡಿತ್ತಂತೆ. ನೋಡಿದ ಕೂಡ್ಲೇ ಅವರಿಗೆ ಗೊತ್ತಾಯ್ತು, ಇದು ಹುಡುಗ ಮರೆತದ್ದು ಅಂತ. ಯಾರೂ ಬರೋ ಮೊದಲು ಆ ಸುಟ್ಟ ಕಾಲಲ್ಲೇ ಬಗ್ಗಿ, ಜೇಬಲ್ಲಿದ್ದ ಚಾಕು ತೆಗೆದು ಪೈಪಿನ ತುದಿ ಸೀಳಿದ್ರಂತೆ. ಆಸ್ಪತ್ರೆಯಲ್ಲಿ ನನ್ನ ಕಿವೀಲಿ ಮೊದಲು ಹೇಳಿದ್ದೇ ಅದು, ಕಾಲಿನ ವಿಷಯ ಆಮೇಲೆ. ಹೊಸದಾಗಿ ಕೆಲಸಕ್ಕೆ ಸೇರಿದವನು, ಹೋಗ್ಲಿ ಬಿಡು, ಅವನಿಗೆ ಹೇಳ್ಬೇಡ ಅಂದ್ರು.” ಸ್ವಲ್ಪ ಉಸಿರು ತೆಗೆದುಕೊಂಡರು. “ನೀನೇ ಒಂದಿನ ಹೇಳ್ತೀಯ ಅಂತ ಕಾದ್ವಿ. ಆಮೇಲೆ ಅವರಿಗೆ ಮರೆತೇ ಹೋಯ್ತು. ನಿನಗೆ ಮಾತ್ರ ಮರೆತಿಲ್ಲ ಅಂತ ನನಗೇನು ಗೊತ್ತು?”

ಇವರು ಮಂಚದ ಪಕ್ಕದಲ್ಲೇ ನೆಲದ ಮೇಲೆ ಕೂತು ಅಕ್ಕನ ಕೈ ಹಿಡಿದುಕೊಂಡು ಗಳಗಳ ಅತ್ತರು. ಅರವತ್ತು ವರ್ಷದ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ನಾನೂ ಅತ್ತೆ. ಅತ್ತಿಗೆಯೇ ಕೊನೆಗೆ, “ಸಾಕು ಏಳೋ. ರಸ್ತೆ ಮುಚ್ಚಿದ್ರೆ ಮೂರು ಜನವೂ ಇಲ್ಲೇ ಹೆಪ್ಪುಗಟ್ತೀವಿ,” ಎಂದು ಗದರಿದರು.

ಇಳಿಯುವಾಗ ಹಿಮ ಜೋರಾಯಿತು. ಇವರು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ನೆಟ್ಟಗೆ ನೋಡುತ್ತಿದ್ದರು. ಹತ್ತುವಾಗ ನಿಲ್ಲಿಸಿದ್ದ ಮೊದಲ ತಿರುವು ದಾಟಿತು, ಎರಡನೆಯದೂ ದಾಟಿತು. ಅರ್ಧ ಬೆಟ್ಟ ಇಳಿದರೂ ಗಾಡಿ ನಿಲ್ಲಲಿಲ್ಲ. ಈಗ ಮುಳ್ಳಿನ ಮೇಲೆ ಕೂತಂತಾದದ್ದು ನನಗೆ. ನಾನು ಬಿಗಿ ಮಾಡಿದ ಕ್ಲಿಪ್ಪು, ಎಷ್ಟಾದರೂ ದರ್ಜಿಯ ಕೈ. ಎರಡು ಬೆರಳು ಸಾಲದೇ ಹೋಗಿದ್ದರೆ?

“ರೀ, ಒಂದ್ಸಲ ನಿಲ್ಲಿಸಿ ನೋಡಬಾರ್ದಾ?”

“ಬೇಡ ಬಿಡೇ,” ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ. “ಅಕ್ಕ ನಿದ್ದೆ ಮಾಡ್ತಿದ್ದಾಳೆ.”

ನಾನು ಸೀಟಿನಿಂದ ಮೆಲ್ಲಗೆ ಎದ್ದು ಹಿಂದೆ ಹೋದೆ. ಅತ್ತಿಗೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಮಂಚದ ಕೆಳಗೆ ಕೈ ಹಾಕಿ ಪೇಪರನ್ನು ಸವರಿದೆ. ಒಣಗಿತ್ತು.