ಅರ್ಧಕ್ಕೆ ನಿಂತ ಫೋಟೊ

ಸವದತ್ತಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಹೆಸರಿಗೆ ಝೆರಾಕ್ಸ್, ನಡೆಯುವುದು ಹೆಚ್ಚಾಗಿ ಆನ್‌ಲೈನ್ ಅರ್ಜಿ ತುಂಬುವ ಕೆಲಸ. ಅರ್ಜಿಗೆ ಹಾಕುವ ಫೋಟೊ ಭಾರವಾದರೆ ಕಂಪ್ಯೂಟರ್ ಒಪ್ಪುವುದಿಲ್ಲ. ಕತ್ತರಿಸಿ, ಹಗುರ ಮಾಡಿ ಹಾಕಬೇಕು. ಈ ಕೆಲಸ ಗೊತ್ತಿದ್ದುದರಿಂದಲೇ ನಮ್ಮ ಭಾಗದ ಆನ್‌ಲೈನ್ ವೇದಿಕೆಯೊಂದನ್ನು ನೋಡಿಕೊಳ್ಳುವವರಲ್ಲಿ ನನ್ನನ್ನೂ ಸೇರಿಸಿದ್ದರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯವರು ಅಲ್ಲಿ ಹತ್ತಿಗೆ ಬಿದ್ದ ಹುಳ, ಕಾಲು ಊದಿದ ಎಮ್ಮೆ, ಬಸ್ಸಿನಲ್ಲಿ ಸಿಕ್ಕ ಚೀಲ, ಹೀಗೆ ಎಲ್ಲದರ ಫೋಟೊ ಹಾಕಿ ಕೇಳುತ್ತಾರೆ. ಪೇಟೆಯಲ್ಲಿ ಕುಳಿತವರಿಗೆ ಅವು ತಟ್ಟನೆ ಕಾಣುತ್ತವೆ. ಕಟಕೋಳದ ಆಚೆ ಹೊಲದಲ್ಲಿ ನಿಂತವರಿಗೆ ಫೋನಿನ ಮೇಲೆ ಬರಿ ಚಕ್ರ ತಿರುಗುತ್ತಿರುತ್ತದೆ. ಅದಕ್ಕೇ ನಾನು ದಿನವೂ ಬರೆಯುತ್ತಿದ್ದೆ: ‘ಫೋಟೊ ಸಣ್ಣದು ಮಾಡಿ ಹಾಕ್ರಿ. ಏನೈತಿ ಅನ್ನೂದನ್ನ ಎರಡು ಸಾಲು ಬರೀರಿ. ನೆಟ್ ಇಲ್ಲದವರಿಗೂ ತಿಳೀಲಿ.’

ನಮ್ಮ ಅಪ್ಪ ನಮ್ಮ ಜೊತೆಗೇ ಇದ್ದಾರೆ. ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಅವ್ವ ತೀರಿಕೊಂಡ ಮೇಲೆ ಅವರಿಗೆ ಮರೆವು ಶುರುವಾಯಿತು. ಮೊದಮೊದಲು ಕನ್ನಡಕ ಮರೆಯುತ್ತಿದ್ದರು, ಆಮೇಲೆ ಮನೆಯ ದಾರಿ ಮರೆಯತೊಡಗಿದರು.

ಒಂದು ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಬಂದು ನೋಡಿದರೆ ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ ಇರಲಿಲ್ಲ. ಓಣಿ ಹುಡುಕಿದೆವು, ಬಸ್ ನಿಲ್ದಾಣ ಹುಡುಕಿದೆವು. ಪೊಲೀಸ್ ಠಾಣೆಗೆ ತಿಳಿಸಿದ ಮೇಲೆ ನಮ್ಮ ಮನೆಯವರು ಮೋಟರ್ ಸೈಕಲ್ ತೆಗೆದುಕೊಂಡು ಮನೋಳಿಗೆ ಹೋದರು. ಅಪ್ಪ ಹುಟ್ಟಿದ ಊರದು. ಅಲ್ಲಿಗೇ ಹೋಗಿರಬಹುದು ಎಂದು ಇಬ್ಬರೂ ಹೇಳಿಕೊಂಡೆವು. ಊರ ಪಕ್ಕದಲ್ಲೇ ಮಲಪ್ರಭಾ ಹರಿಯುತ್ತದೆ ಎಂಬುದನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ನಾನು ಅಂಗಡಿಯ ಬಾಗಿಲು ತೆಗೆದು ಕಂಪ್ಯೂಟರ್ ಹಚ್ಚಿದೆ, ಅಪ್ಪನ ಫೋಟೊ ವೇದಿಕೆಗೆ ಹಾಕೋಣವೆಂದು. ತೆರೆದ ಕೂಡಲೇ ಕಂಡದ್ದು ಬೇರೆ ಯಾರೋ ಹಾಕಿದ ಸುದ್ದಿ. ಸಿರಸಂಗಿಯಿಂದ ಮುಂದಿನ ಒಂದು ಹಳ್ಳಿಯ ಹೆಣ್ಣುಮಗಳು ಬರೆದಿದ್ದಳು: ‘ನಮ್ಮ ಸಾಲಿ ಹತ್ರ ಮಕ್ಕಳ ಕಳ್ಳ ಸಿಕ್ಕಾನ. ಮುದುಕನ ವೇಷ ಹಾಕ್ಯಾನ. ಹುಡುಗಿ ಕೈ ಹಿಡಿದು ಎಳಿಯಾಕ ಹತ್ತಿದ್ದ. ನಿಮ್ಮೂರಾಗೂ ಹುಷಾರ್ ಇರ್ರಿ.’

ಕೆಳಗೆ ಫೋಟೊ. ಅದು ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯುತ್ತಿತ್ತು. ಮೊದಲು ಹಂಚು ಬಂತು. ಆಮೇಲೆ ಗೋಡೆ, ಗೋಡೆಯ ಮೇಲೆ ಬರೆದ ಅಕ್ಷರಮಾಲೆ. ಆಮೇಲೆ ನೆರೆದವರ ತಲೆಗಳು, ಅವುಗಳ ನಡುವೆ ಒಂದು ಬಿಳಿ ಟೊಪ್ಪಿಗೆಯ ತುದಿ. ಅಲ್ಲಿಗೆ ನಿಂತುಬಿಟ್ಟಿತು. ಉಳಿದದ್ದೆಲ್ಲ ಬರಿ ಬೂದು ಬಣ್ಣ.

ಬಿಳಿ ಟೊಪ್ಪಿಗೆ ಹಾಕದ ಮುದುಕರು ನಮ್ಮ ಕಡೆ ಯಾರಿದ್ದಾರೆ? ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಆದರೆ ಕೈ ತಣ್ಣಗಾಗಿತ್ತು. ಮತ್ತೆ ಮತ್ತೆ ಒತ್ತಿದೆ. ಅವಳ ಕಡೆಯಿಂದಲೇ ಪೂರ್ತಿ ಏರಿರಲಿಲ್ಲವೋ, ನನ್ನ ಕಡೆಗೆ ಇಳಿಯುತ್ತಿರಲಿಲ್ಲವೋ, ಆ ಟೊಪ್ಪಿಗೆಯ ಕೆಳಗಿನ ಮುಖ ಬರಲೇ ಇಲ್ಲ.

ಫೋಟೊ ಬರದಿದ್ದರೂ ಮಾತುಗಳು ಬರುತ್ತಿದ್ದವು. ‘ಬಿಡಬ್ಯಾಡ್ರಿ ಅವನ್ನ.’ ‘ಕಂಬಕ್ಕ ಕಟ್ರಿ.’ ‘ಕೈ ಕಾಲು ಮುರಿದು ಕಳಸ್ರಿ.’ ಬರೆದವರಲ್ಲಿ ಯಾರೂ ಆ ಮುಖ ನೋಡಿರಲಿಲ್ಲ. ಆ ಸುದ್ದಿಯನ್ನೇ ಅಳಿಸಿಬಿಡುವ ಅಧಿಕಾರ ನನಗಿತ್ತು. ಬೆರಳು ಅಲ್ಲಿಯತನಕ ಹೋಯಿತು. ಅಳಿಸಿದರೆ ಅವಳನ್ನು ತಲುಪುವ ದಾರಿಯೂ ಹೋಗುತ್ತದೆ ಎಂದು ಹೊಳೆದು ಕೈ ತೆಗೆದೆ. ಹೊಡೆಯಿರಿ, ಕಡಿಯಿರಿ ಎಂದವರ ಮಾತುಗಳನ್ನಷ್ಟೇ ತೆಗೆದುಹಾಕಿ ಬರೆದೆ: ‘ಅಕ್ಕಾರ, ಅವರ ಬಲಗಿವಿ ಕೆಳಗ ಕರಿ ಮಚ್ಚಿ ಐತೇನು ನೋಡ್ರಿ. ಅವರು ನಮ್ಮ ಅಪ್ಪ ಇರಬಹುದು. ಮರವು ಐತಿ ಅವರಿಗೆ. ಕಳ್ಳ ಅಲ್ರಿ. ಹೊಡೀಬ್ಯಾಡ್ರಿ. ಈ ನಂಬರಿಗೆ ಫೋನ್ ಮಾಡ್ರಿ.’

ಬರೆದರೆ ಸಾಲದು, ಮುಖ ತೋರಿಸಬೇಕಿತ್ತು. ನನ್ನಲ್ಲಿದ್ದ ಒಳ್ಳೆಯ ಫೋಟೊ ತಂಗಿಯ ಮದುವೆಯದು, ಸ್ಟುಡಿಯೋದವರು ತೆಗೆದದ್ದು, ಬಹಳ ಭಾರ. ಹಾಗೇ ಹಾಕಿದರೆ ಆ ಹಳ್ಳಿಯಲ್ಲಿ ಅದೂ ಬೂದು ಚೌಕವಾಗಿಯೇ ನಿಲ್ಲುತ್ತಿತ್ತು. ಹಂದರ ಕತ್ತರಿಸಿದೆ, ಪಕ್ಕದಲ್ಲಿದ್ದ ಬೀಗರನ್ನು ಕತ್ತರಿಸಿದೆ, ಶಲ್ಯ ಕತ್ತರಿಸಿದೆ. ಮುಖವೊಂದೇ ಉಳಿಯಿತು. ಹಗುರ ಮಾಡಿದೆ. ಇನ್ನೂ ಮಾಡಿದೆ. ಕಣ್ಣಿನ ಸುತ್ತಲಿನ ಗೆರೆಗಳು ಕರಗಿ ಅಪ್ಪ ಯಾವುದೋ ಒಬ್ಬ ಮುದುಕನಂತೆ ಕಾಣತೊಡಗಿದಾಗ ನಿಲ್ಲಿಸಿದೆ. ಇಷ್ಟು ಸಣ್ಣದು ಮಾಡಿದರೆ ಅವರು ಗುರುತು ಹಿಡಿಯದೆ ಹೋದರೆ? ದೊಡ್ಡದು ಬಿಟ್ಟರೆ ತೆರೆಯದೆ ಹೋದರೆ? ಮಚ್ಚೆ ಕಾಣುವಷ್ಟು ಮಾತ್ರ ಉಳಿಸಿ ಹಾಕಿದೆ.

ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ಮನೆಯವರಿಗೆ ಫೋನ್ ಮಾಡಿ ತಿಳಿಸಿದೆ, ಠಾಣೆಗೂ ಆ ಹಳ್ಳಿಯ ಹೆಸರು ಹೇಳಿದೆ. ಅಂಗಡಿಯ ಮುಂದೆ ಯಾರೋ ಬಂದು ‘ಆಧಾರ್ ಝೆರಾಕ್ಸ್ ಆಗ್ತದೇನ್ರಿ’ ಎಂದು ಕೇಳಿದರು. ಇಲ್ಲವೆಂದು ಕೈ ಆಡಿಸಿದೆ.

ಕೊನೆಗೆ ಫೋನ್ ಬಡಿದುಕೊಂಡಿತು. ಹೆಣ್ಣು ಧ್ವನಿ.

“ಅಕ್ಕಾರ, ನಿಮ್ಮ ಫೋಟೊ ತೆರೀತ್ರಿ. ಮಚ್ಚಿ ಐತ್ರಿ. ಅವರೇ ರೀ.”

“ಹೊಡದಾರೇನ್ರಿ?” ಎಂದೆ.

“ಒಂದೆರಡು ಏಟು ಬಿದ್ದಾವ್ರಿ. ನಿಮ್ಮ ಫೋಟೊ ಎಲ್ಲಾರಿಗೂ ತೋರಿಸಿ, ನಮ್ಮ ಮನಿ ಒಳಗ ಕರಕೊಂಡ ಬಂದೇನಿ. ಬಾಗಲಾ ಹಾಕೇನಿ. ಆದ್ರ ಮಂದಿ ಇನ್ನೂ ಹೊರಗ ಅದಾರ. ಲಗೂನ ಬರ್ರಿ.”

ಮನೆಯವರು ಬಂದರು. ಬಾಡಿಗೆ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು. ಫೋನಿನ ಸಿಗ್ನಲ್ ಗೆರೆಗಳು ಒಂದೊಂದೇ ಕಡಿಮೆಯಾಗುತ್ತ ಹೋದವು. ಒಂದು ಕಡೆ ಪೂರ್ತಿ ಹೋಯಿತು. ಆ ಬಾಗಿಲನ್ನು ಯಾರಾದರೂ ಒದ್ದು ತೆಗೆದಿದ್ದರೂ ನನಗೆ ಗೊತ್ತಾಗುವಂತಿರಲಿಲ್ಲ.

ನಾವು ಮುಟ್ಟುವಾಗ ಪೊಲೀಸರು ಬಂದಿದ್ದರು. ಜನ ಬೇವಿನ ಗಿಡದ ಕೆಳಗೆ ನಿಂತಿದ್ದರು, ಯಾರೂ ನಮ್ಮ ಮುಖ ನೋಡಲಿಲ್ಲ. ಒಳಗೆ ಅಪ್ಪ ಚಾಪೆಯ ಮೇಲೆ ಕುಳಿತಿದ್ದರು. ತುಟಿ ಊದಿತ್ತು, ಅಂಗಿಯ ಗುಂಡಿಗಳು ಕಿತ್ತುಹೋಗಿದ್ದವು. ನನ್ನನ್ನು ಕಂಡು, “ಯವ್ವಾ, ನೀನರೆ ಹೇಳು. ಹೊತ್ತಾತು, ಹುಡುಗರು ವರ್ಗಕ್ಕ ಬರವಲ್ರು,” ಎಂದರು.

ಯಾವುದೋ ಬಸ್ ಹತ್ತಿ ಅಲ್ಲಿ ಇಳಿದಿದ್ದ ಅಪ್ಪ, ಭಾನುವಾರ ಮುಚ್ಚಿದ್ದ ಶಾಲೆಯ ಅಂಗಳದಲ್ಲಿ ಆಡುತ್ತಿದ್ದ ಹುಡುಗಿಯೊಬ್ಬಳನ್ನು ಕೈ ಹಿಡಿದು ಪಾಠಕ್ಕೆ ಕರೆದಿದ್ದರು. ಆ ಹುಡುಗಿ ಇದೇ ಹೆಣ್ಣುಮಗಳ ಮಗಳು. ತಾಯಿಯ ಸೆರಗು ಹಿಡಿದು ನಿಂತಿದ್ದ ಅವಳು ಅಪ್ಪನನ್ನು ನೋಡಿ ಇನ್ನೂ ನಡುಗುತ್ತಿದ್ದಳು.

“ನಾನ ಹಾಕೇನ್ರಿ ಅದನ್ನ,” ಎಂದು ತಾಯಿ ಅತ್ತಳು. “ನನ್ನ ಮಗಳು ಚೀರಿದ್ದು ಕೇಳಿ ನನಗ ಏನೂ ತಿಳೀಲಿಲ್ರಿ.”

ಅವಳನ್ನು ಬೈಯಬೇಕೆಂದು ದಾರಿಯಲ್ಲಿ ಎಷ್ಟೋ ಮಾತು ಕೂಡಿಸಿಕೊಂಡಿದ್ದೆ. ಆದರೆ ಅವಳ ಕೈ ಹಿಡಿದುಕೊಂಡೆ. ಅದೂ ನನ್ನ ಕೈಯಂತೆಯೇ ತಣ್ಣಗಿತ್ತು. ನನ್ನೆದುರಿಗೇ ಅವಳು ಆ ಸುದ್ದಿ ಅಳಿಸಿದಳು.

ಆದರೆ ಅಷ್ಟರಲ್ಲಿ ಯಾರದೋ ಫೋನಿನಲ್ಲಿ ಆ ಫೋಟೊ ಪೂರ್ತಿ ತೆರೆದಿತ್ತು. ಅವರು ಅದನ್ನು ಬೇರೆ ಗುಂಪುಗಳಿಗೆ ಕಳಿಸಿದ್ದರು. ಕೆಲವು ದಿನಗಳ ಮೇಲೆ ಬೈಲಹೊಂಗಲದಿಂದ ಪರಿಚಯದವರೊಬ್ಬರು ನನಗೇ ಅದನ್ನು ಕಳಿಸಿ, ‘ಹುಷಾರ್’ ಎಂದು ಬರೆದಿದ್ದರು. ಅದರಲ್ಲಿ ಅಪ್ಪನ ಮುಖ ಸ್ಪಷ್ಟವಾಗಿತ್ತು, ಮಚ್ಚೆಯೂ ಕಾಣುತ್ತಿತ್ತು. ಅವರಿಗೆ ತಿಳಿಸಿ ಹೇಳಿದೆ. ಕಾಣದ ಎಷ್ಟು ಮಂದಿಗೆ ಹೇಳಲಿ?

ಈಗ ಅಪ್ಪನನ್ನು ಒಬ್ಬರನ್ನೇ ಹೊರಗೆ ಬಿಡುವುದಿಲ್ಲ. ಮೊನ್ನೆ ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದಾಗ ಪಕ್ಕದಲ್ಲಿದ್ದವನೊಬ್ಬ ಅಪ್ಪನನ್ನೇ ನೋಡುತ್ತ, “ಇವರನ್ನ ಎಲ್ಲೋ ನೋಡೇನಲ್ರಿ,” ಎಂದ.

“ಸಾಲಿ ಮಾಸ್ತರ ಇದ್ರು. ಅಲ್ಲೇ ನೋಡಿರಬೇಕ್ರಿ,” ಎಂದೆ.

ಅವನು ಜೇಬಿನಿಂದ ಫೋನ್ ತೆಗೆದ. ಯಾರೊಡನೆ ಮಾತಾಡಲೋ, ಏನು ನೋಡಲೋ, ನಾನು ಕಾಯಲಿಲ್ಲ. ಮೆಣಸಿನಕಾಯಿಯನ್ನು ಅಲ್ಲೇ ಬಿಟ್ಟು, ಅಪ್ಪನ ಕೈ ಗಟ್ಟಿಯಾಗಿ ಹಿಡಿದು ಮನೆಯ ಕಡೆ ನಡೆದೆ.